ಬಂದೂಕಿಗೆ ಕುಸುಬಿ ಎಣ್ಣೆ

ಬಂದೂಕಿಗೆ ಯಾವ ಎಣ್ಣೆ ಹಾಕಬೇಕು ಎಂದು ಈಗ ನನ್ನನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ನಾನು ಒಂದು ತಾಸು ನಿಲ್ಲಿಸದೆ ಹೇಳಬಲ್ಲೆ. ಕೇಳದಿರುವುದಕ್ಕೆ ಬಹುಶಃ ಅದೂ ಒಂದು ಕಾರಣ. ಇನ್ನೊಂದು ಕಾರಣ, ಬಂದೂಕು ನನ್ನ ಕೈಗೆ ಬಂದ ಮೊದಲ ವರ್ಷ ನಾನು ಅದಕ್ಕೆ ಹಾಕಿದ ಎಣ್ಣೆಯ ಕಥೆ ನಮ್ಮ ಹೊಳೆಸಾಲಿನ ಊರುಗಳಲ್ಲಿ ಎಲ್ಲರಿಗೂ ಗೊತ್ತು. ಬೇರೆಯವರ ಬಾಯಲ್ಲಿ ಆ ಕಥೆಯೊಳಗೆ ನಾನು ಇನ್ನೂ ಹೆಚ್ಚು ದಡ್ಡನಾಗಿ ಕಾಣುತ್ತೇನೆ. ಆದ್ದರಿಂದ ನಾನೇ ಹೇಳಿಬಿಡುತ್ತೇನೆ, ನೀವು ಬೇರೆಲ್ಲೂ ಕೇಳಲು ಹೋಗಬೇಡಿ.

ನಾನು ಹುಟ್ಟಿದ್ದು ಕುಕನೂರಿನಲ್ಲಿ. ಎರೆ ಹೊಲ, ಜೋಳ, ಹತ್ತಿ, ಕುಸುಬಿ. ನೀರು ನೋಡಬೇಕೆಂದರೆ ಬಾವಿಗೆ ಬಗ್ಗಬೇಕು. ನಿಜಾಮರ ಸರಕಾರದಲ್ಲಿ ಓದು ಉರ್ದುವಿನಲ್ಲಿ, ನೌಕರಿ ಗಂಗಾವತಿಯ ಶಾಲೆಯಲ್ಲಿ. ಹೆಂಡತಿ ನೀಲವ್ವ ಮಾತ್ರ ಹೊಳೆಸಾಲಿನವಳು. ಅವಳ ತಂದೆಗೆ ಹೊಳೆಯ ನಡುವಿನ ವಿರೂಪಾಪುರಗಡ್ಡೆಯಲ್ಲಿ ಗದ್ದೆಯೂ ಒಂದಿಷ್ಟು ಕಬ್ಬೂ ಇತ್ತು. ಅವರಿಗೆ ನೀಲವ್ವ ಒಬ್ಬಳೇ ಮಗಳು. ಮಾವನವರ ಕಣ್ಣು ಮಂಜಾಗುತ್ತ ಬಂದಾಗ ಗದ್ದೆಯ ಉಸ್ತುವಾರಿಯ ಜೊತೆಗೆ ಗೋಡೆಯ ಗೂಟಕ್ಕೆ ತೂಗಿದ್ದ ಬಂದೂಕೂ ನನ್ನ ಪಾಲಿಗೆ ಬಂತು. ಅದರ ಲೈಸನ್ಸನ್ನು ನನ್ನ ಹೆಸರಿಗೆ ಮಾಡಿಕೊಡಿರೆಂದು ನಾನು ಉರ್ದುವಿನಲ್ಲಿ ಬರೆದ ಅರ್ಜಿ ಬಹಳ ಸೊಗಸಾಗಿತ್ತಂತೆ. ಲೈಸನ್ಸು ಬಂದದ್ದು ನನ್ನ ಅಕ್ಷರಕ್ಕೇ ಹೊರತು ನನ್ನ ಗುರಿಗಲ್ಲ. ಅಲ್ಲಿಯವರೆಗೆ ನಾನು ಗುರಿಯಿಟ್ಟು ಎಸೆದದ್ದೆಂದರೆ ಕೊನೆಯ ಸಾಲಿನಲ್ಲಿ ತೂಕಡಿಸುವವರ ಮೇಲೆ ಸುಣ್ಣದ ಕಡ್ಡಿ. ಅದೂ ಬಹಳ ಸಲ ಪಕ್ಕದವನಿಗೆ ತಾಗುತ್ತಿತ್ತು.

ಬಂದೂಕು ಹಳೆಯದು. ಬಾಯಿಂದ ಮದ್ದು ಚರೆ ತುಂಬಿ, ಗಜವೆಂಬ ಸಲಾಕೆಯಿಂದ ಜಡಿದು, ಹಿಂದೆ ಕಿಡಿ ಹೊತ್ತಿಸುವ ಒಂದು ಕೇಪು ಇಟ್ಟು ಹಾರಿಸಬೇಕು. ಕೇಪಿನ ಮೇಲೆ ಬಡಿಯುವ ಸುತ್ತಿಗೆಯಂಥ ತುಂಡಿಗೆ ಕುದುರೆ ಎನ್ನುತ್ತಾರೆ; ಬೆರಳಿನಿಂದ ಕೊಕ್ಕೆ ಎಳೆದರೆ ಅದು ಬಡಿಯುತ್ತದೆ. ಮಾವನವರು ನನಗೆ ಪಾಠ ಹೇಳಿದರು. "ಹಾರಿಸಿದ ದಿನಾನ ಕುದಿಯೋ ನೀರು ಹಾಕಿ ತೊಳೀಬೇಕ್ರಿ ಮಾಸ್ತರ. ಮದ್ದಿನ ಮಸಿಯೊಳಗ ಉಪ್ಪಿರ್ತೈತಿ. ಒಂದಿನ ಬಿಟ್ರಿ ಅಂದ್ರ ನಳಿಗಿ ತಿಂದು ಹಾಕ್ತೈತಿ. ತೊಳದು, ಒರಸಿ, ಆಮ್ಯಾಲ ಎಣ್ಣಿ." ಎಣ್ಣೆ ಯಾವುದು ಎಂದು ಕೇಳಿದೆ. ಅವರು ಒಂದು ತಗಡಿನ ಪುಟ್ಟ ಡಬ್ಬಿಯನ್ನು ಕೊಟ್ಟರು. ಸಿಕಂದರಾಬಾದಿನಿಂದ ತರಿಸಿದ ವಿಲಾಯತಿ ಎಣ್ಣೆ. ಅಲ್ಲಾಡಿಸಿದರೆ ಸದ್ದಿಲ್ಲ. ಯುದ್ಧ ಶುರುವಾದ ಮೇಲೆ ಅದು ಬರುವುದು ನಿಂತುಹೋಗಿತ್ತು.

ಬೇರೆ ಯಾರೇ ಆಗಿದ್ದರೂ ಇಂಥ ಹೊತ್ತಿನಲ್ಲಿ ನಾಲ್ಕು ಮಂದಿಯನ್ನು ಕೇಳುತ್ತಿದ್ದರು. ನಾನು ಓದಿದವನು. ಪ್ರಯೋಗ ಮಾಡುತ್ತೇನೆಂದು ನಿರ್ಧರಿಸಿದೆ.

ಮಳೆಗಾಲದ ದಿನಗಳು. ಹಳೆಯ ಮೊಳೆಗಳನ್ನು ಇಟ್ಟಿಗೆಯಿಂದ ಉಜ್ಜಿ ಬೆಳ್ಳಗೆ ಮಾಡಿ, ಒಂದೊಂದಕ್ಕೆ ಒಂದೊಂದು ಎಣ್ಣೆ ಸವರಿ, ಅಡಿಗೆಮನೆಯ ಕಿಟಕಿಯಲ್ಲಿ ಸಾಲಾಗಿ ಮಲಗಿಸಿದೆ. ದಿನಾ ಬೆಳಿಗ್ಗೆ ಅವುಗಳ ಮೇಲೆ ನೀರು ಚಿಮುಕಿಸಿ ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಚಿಮಣಿ ಎಣ್ಣೆಯ ಮೊಳೆ ಎಲ್ಲಕ್ಕಿಂತ ಚೊಕ್ಕಟವಾಗಿ ಕಂಡು ಎಲ್ಲಕ್ಕಿಂತ ಮೊದಲು ತುಕ್ಕು ಹಿಡಿಯಿತು. ಶೇಂಗಾ ಎಣ್ಣೆಯದನ್ನು ಇರುವೆಗಳು ಮುತ್ತಿದವು. ಔಡಲೆಣ್ಣೆಯ ಮೊಳೆಗೆ ಕಿಟಕಿಯ ಧೂಳೆಲ್ಲ ಅಂಟಿ ಅದೊಂದು ಕಂಬಳಿಹುಳುವಿನಂತಾಯಿತು. ಕೊಬ್ಬರಿ ಎಣ್ಣೆಯದು ಚೆನ್ನಾಗಿಯೇ ಇತ್ತು, ಆದರೆ ಥಂಡಿ ದಿನ ಬಂದರೆ ಅದು ಗಟ್ಟಿಯಾಗುವುದನ್ನು ನೀಲವ್ವನ ಬಾಟಲಿಯಲ್ಲೇ ನೋಡಿದ್ದೆ. ಇನ್ನು ಕುಸುಬಿ ಎಣ್ಣೆ. ಅದನ್ನು ಕುಕನೂರಿನಿಂದ ನಮ್ಮ ಅವ್ವ ಕಳಿಸಿದ್ದಳು. ಒಂದು ತಿಂಗಳಾದರೂ ಆ ಮೊಳೆಗೆ ತುಕ್ಕಿಲ್ಲ, ಇರುವೆಯಿಲ್ಲ, ಧೂಳಿಲ್ಲ. ಮುಟ್ಟಿದರೆ ಬೆರಳಿಗೆ ಜಿಡ್ಡೂ ಹತ್ತುವುದಿಲ್ಲ. ಮೈಮೇಲೆ ಗಾಜು ಹೊದ್ದಂತೆ ಥಳಥಳ ಹೊಳೆಯುತ್ತಿತ್ತು.

ನನಗಾದ ಹೆಮ್ಮೆಯನ್ನು ಏನೆಂದು ಹೇಳಲಿ. ವಿಲಾಯತಿಯವರು ಡಬ್ಬಿಯಲ್ಲಿ ತುಂಬಿ ಮಾರುವುದನ್ನು ನಮ್ಮೂರಿನ ಗಾಣ ಎಂದಿನಿಂದಲೋ ಸುಮ್ಮನೆ ಸುರಿಸುತ್ತಿತ್ತು! ಆ ಸಂಜೆ ಊಟಕ್ಕೆ ಕೂತಾಗ ನೀಲವ್ವನಿಗೆ ಒಂದು ಉಪನ್ಯಾಸವನ್ನೇ ಕೊಟ್ಟೆ. ಸಂಸ್ಕೃತದಲ್ಲಿ ಎಣ್ಣೆಗೂ ಪ್ರೀತಿಗೂ ಸ್ನೇಹ ಎಂಬ ಒಂದೇ ಹೆಸರು, ಕಬ್ಬಿಣದ ಮೇಲೆ ಕುಸುಬಿ ಎಣ್ಣೆಗಿರುವಂಥ ಸ್ನೇಹ ಇನ್ನಾವ ಎಣ್ಣೆಗೂ ಇಲ್ಲ, ಬಿಟ್ಟುಹೋಗುವುದೇ ಇಲ್ಲ ನೋಡು ಎಂದೆ. ಅವಳು ಮೊಳೆಯನ್ನು ತಿರುಗಿಸಿ ನೋಡಿ ಕೆಳಗಿಟ್ಟಳು.

"ಮೊಳಿ ಸುಮ್ನ ಕುಂತಿರ್ತೈತ್ರಿ. ಬಂದೂಕಿಗೆ ಕೈಕಾಲು ಆಡಸೋ ಕೆಲಸ ಐತಲ್ಲ?"

ಇದಕ್ಕೆ ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಉತ್ತರ ಇರಲಿಲ್ಲವಾದ್ದರಿಂದ ಉದ್ದವಾಗಿಯೇ ಕೊಟ್ಟಿರಬೇಕು.

ದೀಪಾವಳಿ ಮುಗಿದ ಮೇಲೆ ಬಂದೂಕನ್ನು ಮಡಿಲಲ್ಲಿ ಮಲಗಿಸಿಕೊಂಡು, ಕುಸುಬಿ ಎಣ್ಣೆಯನ್ನು ಸಂದುಗೊಂದಿಗೆಲ್ಲ ಇಳಿಯಲಿ ಎಂದು ಚೆನ್ನಾಗಿ ಕಾಯಿಸಿ, ನಳಿಗೆಯ ಹೊರಗೂ ಒಳಗೂ ಸವರಿದೆ. ಕುದುರೆಯ ಬುಡದಲ್ಲಿ ಚಮಚದಿಂದಲೇ ಹೊಯ್ದೆ. ಕೂಸಿಗೆ ಎಣ್ಣೆ ಎರೆಯುವ ಬಾಣಂತಿಯೂ ಅಷ್ಟು ಅಕ್ಕರೆಯಿಂದ ಎರೆಯಲಾರಳು. ಆಮೇಲೆ ಅದನ್ನು ಬಿಸಿಲು ಬೀಳುವ ಗೋಡೆಯ ಗೂಟಕ್ಕೆ ತೂಗಿ, ಎರಡು ತಿಂಗಳು ಬಂದವರಿಗೆಲ್ಲ ಅದರ ಹೊಳಪನ್ನು ದೂರದಿಂದ ತೋರಿಸಿದೆ.

ಕಬ್ಬು ಬಲಿತು ಸಿಹಿಯೇರುವ ಹೊತ್ತಿಗೆ ಗಡ್ಡೆಗೆ ಕಾಡುಹಂದಿಗಳು ಬರತೊಡಗಿದವು. ಒಂದು ನಸುಕಿನಲ್ಲಿ ಬಂದು ಹೋದರೆ ಅರ್ಧ ಮಡಿ ನೆಲಸಮ. ಮಾವನವರು ಹೇಳಿಕಳಿಸಿದರು. ಆಗ ನಮ್ಮ ಶಾಲೆಗಳಿಗೆ ಶುಕ್ರವಾರ ಸೂಟಿ. ಗುರುವಾರ ಸಂಜೆಯೇ ನೀಲವ್ವನನ್ನೂ ಬಂದೂಕನ್ನೂ ಕರೆದುಕೊಂಡು ಹರಿಗೋಲಿನಲ್ಲಿ ಹೊಳೆಯ ಸೀಳು ದಾಟಿ ಗಡ್ಡೆಗೆ ಹೋದೆ. ಹರಿಗೋಲಿನವನು ಬಂದೂಕಿನ ಬಾಯಿ ಎತ್ತ ಕಡೆ ಇದೆಯೆಂದು ನೋಡಿಕೊಂಡು, ನನ್ನ ಬೆನ್ನ ಹಿಂದೆ ಬಂದು ಕುಳಿತ.

ಶುಕ್ರವಾರ ಮೂಡಲು ಬೆಳ್ಳಗಾಗುತ್ತಿರುವಾಗ ನಾನು ಕಬ್ಬಿನ ಬದುವಿನಲ್ಲಿ ಕೂತಿದ್ದೆ. ಮದ್ದು ತುಂಬಿ ಕೇಪು ಇಡುವಾಗ ಕುದುರೆ ಹಿಂದಕ್ಕೆ ಬರಲು ಒಲ್ಲೆನೆಂದಿತು. ಥಂಡಿಗೆ ಬಿಗಿದಿರಬೇಕೆಂದು ಎರಡೂ ಹೆಬ್ಬೆರಳು ಹಚ್ಚಿ ಎಳೆದು ನಿಲ್ಲಿಸಿದೆ. ಹೊಳೆಯ ಮೇಲೆ ಮಂಜು ಕವಿದಿತ್ತು. ಸ್ವಲ್ಪ ಹೊತ್ತಿಗೆ ಇಪ್ಪತ್ತು ಮಾರು ದೂರದಲ್ಲಿ ಕಬ್ಬಿನ ಗರಿ ಸರಸರ ಅಲ್ಲಾಡಿತು. ಸಾಲುಗಳ ನಡುವೆ ನೆಲಕ್ಕೆ ಹತ್ತಿದಂತೆ ಕರ್ರಗಿನದೊಂದು ಗುಡ್ಡೆ ಕಂಡಿತು. ಅದು ಹುಲ್ಲನ್ನು ಕಿತ್ತು ತಿನ್ನುತ್ತ ನಿಧಾನವಾಗಿ ನನ್ನ ಕಡೆಗೇ ಬರುತ್ತಿತ್ತು. ನನ್ನ ಎದೆಯ ಬಡಿತ ಆ ಹಂದಿಗೆ ಕೇಳಿಸೀತೆಂದು ನನಗೆ ಭಯ. ಗುರಿಯಿಟ್ಟೆ. ಉಸಿರು ಕಟ್ಟಿದೆ. ಕೊಕ್ಕೆ ಎಳೆದೆ.

ಕುದುರೆ ಬಡಿಯಿತೆಂದು ಹೇಳಲಾರೆ. ಅದು ಇಳಿಯಿತು. ಉಂಡ ಗೌಡರು ಮಧ್ಯಾಹ್ನ ಹೊರಸಿನ ಮೇಲೆ ಮೈ ಚಾಚುವಷ್ಟು ಸಾವಕಾಶವಾಗಿ ಇಳಿದು, ಕೇಪಿನ ಮೇಲೆ ತಲೆಯಿಟ್ಟು ಮಲಗಿತು. ಸದ್ದಿಲ್ಲ, ಹೊಗೆಯಿಲ್ಲ.

ನನಗೆ ಎಂಥ ಸಿಟ್ಟು ಬಂತೆಂದರೆ, ಕುದುರೆಯನ್ನು ಮತ್ತೊಮ್ಮೆ ಎಳೆಯಲು ಹೆಬ್ಬೆರಳು ಹಚ್ಚಿದೆ. ಆಗ ಹಂದಿ ಎದ್ದು ನಿಂತಿತು, ಎರಡು ಕಾಲ ಮೇಲೆ. ಸೊಂಟಕ್ಕೆ ಕೈಯಿಟ್ಟು ಕೆಮ್ಮಿತು. ಇನ್ನೊಂದು ಕೈಯಲ್ಲಿ ಕುಡುಗೋಲಿತ್ತು.

ಹುಲಿಗೆವ್ವ. ಗಡ್ಡೆಯವಳೇ, ಕೂಲಿ ಮಾಡುವ ಹೆಂಗಸು, ಗಂಡ ಇಲ್ಲ. ಕೂಲಿಯ ಹೊತ್ತಾಗುವ ಮೊದಲು ತನ್ನ ಎಮ್ಮೆಗೆ ಮೇವೆಂದು ಕಬ್ಬಿನ ಸಾಲಿನ ಹುಲ್ಲು ಕೊಯ್ಯಲು ಮಾವನವರು ಆಕೆಗೆ ಯಾವಾಗಲೋ ಹೇಳಿದ್ದರಂತೆ. ನನಗದು ಗೊತ್ತಿರಲಿಲ್ಲ. ಥಂಡಿಗೆ ಕರಿಕಂಬಳಿಯ ಕೊಪ್ಪೆ ಹಾಕಿಕೊಂಡಿದ್ದಳು.

"ಯಾರ್ರಿ ಅದು? ಮಾಸ್ತರಾ?" ಎಂದಳು. "ಛಲೋ ಆತು ಬಿಡ್ರಿ, ದೇವರ ಕಳಿಸ್ದಂಗ ಬಂದ್ರಿ. ಈ ಹೊರಿ ಒಂದೀಟು ಎತ್ತಿ ತಲಿ ಮ್ಯಾಲ ಇಡ್ರಿ."

ನಾನು ಬಂದೂಕನ್ನು ಬದುವಿನ ಮೇಲೆ ಮಲಗಿಸಿ ಹೋದೆ. ಹುಲ್ಲಿನ ಹೊರೆಗೆ ಕೈ ಹಚ್ಚಿ ಎತ್ತಿ ಆಕೆಯ ತಲೆಯ ಮೇಲಿಟ್ಟೆ. ಸಿಂಬಿಯ ಕೆಳಗೆ ನರೆಗೂದಲು ಇಬ್ಬನಿಗೆ ತೊಯ್ದು ಹಣೆಗೆ ಅಂಟಿತ್ತು. ನಾನು ಗುರಿಯಿಟ್ಟದ್ದು ಅಲ್ಲಿಗೇ.

"ಥಂಡಿ ಭಾಳ ಐತ್ರಿ. ಮನಿಗೆ ಹೋಗಿ ಚಾ ಕುಡೀರಿ."

"ಹೂಂ" ಎಂದೆ. ಆಕೆ ಹೊರಟುಹೋದಳು. ನಾನು ಕೇಪು ಕಿತ್ತು ಕಾಲುವೆಗೆ ಎಸೆದು, ಮದ್ದು ಹತ್ತದಿರಲೆಂದು ನಳಿಗೆಯ ಬಾಯಿಗೆ ನೀರು ಸುರಿದು, ಅಲ್ಲೇ ಕುಳಿತೆ. ಬಿಸಿಲು ಬೆನ್ನಿಗೆ ಹತ್ತುವವರೆಗೂ ಏಳಲಾಗಲಿಲ್ಲ.

ಮನೆಗೆ ಬಂದು ಹೇಳಿದ್ದು ಒಂದೇ ಮಾತು: ಹಂದಿ ಬರಲಿಲ್ಲ. ಅದು ಸುಳ್ಳಲ್ಲ ಎಂದು ನನ್ನನ್ನು ನಾನೇ ಮೆಚ್ಚಿಕೊಂಡೆ.

ಮರುದಿನ ಬಂದೂಕನ್ನು ಚಾದರದಲ್ಲಿ ಸುತ್ತಿ ಗಂಗಾವತಿಯ ದರ್ಜಿ ಮೌಲಾಸಾಬರ ಬಳಿ ಒಯ್ದೆ. ಅವರ ತಂದೆ ಫೌಜಿನಲ್ಲಿ ಬಂದೂಕು ತಿಕ್ಕುವ ಕೆಲಸದಲ್ಲಿದ್ದವರು. ಮಗ ಹೊಲಿಗೆಯ ಮಶೀನು ಹಿಡಿದರೂ ಆ ವಿದ್ಯೆ ಮರೆತಿರಲಿಲ್ಲ. ಅವರು ತಿರುಪು ಬಿಚ್ಚಿ ಕುದುರೆಯ ಬುಡದ ಪೆಟ್ಟಿಗೆಯನ್ನು ತೆರೆದು ಬಿಸಿಲಿಗೆ ಹಿಡಿದರು. ಒಳಗೆಲ್ಲ ಜೇನುಬಣ್ಣದ ಗಟ್ಟಿ ಅಂಟು. ಅದರೊಳಗೆ ಒಂದು ಇರುವೆ ಕೂಡ ಸಿಕ್ಕಿಕೊಂಡು ಒಣಗಿತ್ತು.

"ಮಾಸ್ತರ್ ಸಾಬ್, ಏನ್ ಹಾಕಿದ್ರಿ ಇದಕ್ಕ?"

"ಕುಸುಬಿ ಎಣ್ಣಿ."

"ಹಸೀದೋ ಕಾಸಿದ್ದೋ?"

"ಕಾಸಿದ್ದು" ಎಂದೆ, ಸ್ವಲ್ಪ ಹೆಮ್ಮೆ ಇನ್ನೂ ಉಳಿದಿತ್ತು.

ಮೌಲಾಸಾಬರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಕುಸುಬಿ ಎಣ್ಣಿ ಗಾಳಿಗೆ ಒಣಗಿ ಗಟ್ಟಿ ಆಗ್ತೈತ್ರಿ. ಕಾಸಿದ್ರಂತೂ ರೋಗನ್ನ ಆತು, ವಾರ್ನೀಸ ಇದ್ದಂಗ. ನೀರೆತ್ತೋ ತೊಗಲಿನ ಚೀಲಕ್ಕ ಹಚ್ಚತಾರ ನೋಡ್ರಿ, ನೀರು ಇಳೀಬಾರ್ದಂತ, ಅದು. ನೀವು ಬಂದೂಕಿಗೆ ಎಣ್ಣಿ ಹಾಕಿಲ್ಲ, ಬಣ್ಣ ಹೊಡದೀರಿ."

ಕುಕನೂರಿನ ರೈತನ ಮಗ ನಾನು. ಬಾವಿಯ ಚೀಲಕ್ಕೆ ಅದನ್ನು ಹಚ್ಚುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ನೋಡಿದ್ದು ಬೇರೆ, ಬುದ್ಧಿಗೆ ಬರುವುದು ಬೇರೆ ಎಂದು ಮಕ್ಕಳಿಗೆ ದಿನಾ ಹೇಳುವವನೂ ನಾನೇ.

ಚಿಮಣಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ತಿಕ್ಕುತ್ತ, ಹಟ ಹಿಡಿದ ಕಡೆ ಬಿದಿರು ಕಡ್ಡಿಯಿಂದ ಕೆರೆಯುತ್ತ ಅವರು ಹೇಳಿದರು. "ಎಣ್ಣಿಗೆ ಒಂದ ಕೆಲಸ ಅಲ್ರಿ. ಹೊಲಸು ಬಿಡಸಬೇಕು, ಸರಾಗ ಆಡಸಬೇಕು, ತುಕ್ಕು ಹತ್ತದಂಗ ಕಾಯಬೇಕು. ಈ ಚಿಮಣಿ ಎಣ್ಣಿ ಹೊಲಸು ಬಿಡಸ್ತೈತಿ, ಆದ್ರ ಆರಿ ಹೋಗ್ತೈತಿ, ಕಾಯಂಗಿಲ್ಲ. ನಿಮ್ಮ ಕುಸುಬಿ ಎಣ್ಣಿ ಕಾಯೂದೇನೋ ಭಾಳ ಕಾದೈತಿ. ಆಡಾಕ ಬಿಟ್ಟಿಲ್ಲ, ಅಷ್ಟ."

ನಮ್ಮ ಶಾಲೆಯಲ್ಲಿ ನಾನು ಮಕ್ಕಳನ್ನು ಕಾಯುವ ರೀತಿಯೂ ಇಂಥದ್ದೇ ಇರಬೇಕೆಂಬ ಒಂದು ಅನುಮಾನ ಅಲ್ಲಿ ಹಾದುಹೋಯಿತು. ಅದನ್ನು ಆಗ ಮುಂದುವರಿಸಲಿಲ್ಲ.

ಕೊನೆಗೆ ಅವರು ಮಶೀನಿನ ಎಣ್ಣೆಯ ಬಾಟಲಿ ತೆಗೆದರು. ಯುದ್ಧದ ದಿನಗಳಲ್ಲಿ ಅದೂ ಅಪರೂಪ. ಅತ್ತರಿನಂತೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಕೋಳಿಯ ಗರಿಯ ತುದಿಯಿಂದ ಎರಡೇ ಹನಿ ಮುಟ್ಟಿಸಿದರು. ಇನ್ನೊಂದಿಷ್ಟು ಹಾಕಿ ಎಂದದ್ದಕ್ಕೆ, ಹೆಚ್ಚಾದರೆ ಹರಿದು ಹೋಗಿ ಮದ್ದನ್ನೇ ಕೆಡಿಸುತ್ತದೆ ಎಂದರು. ಬಂದೂಕನ್ನು ಜೋಡಿಸಿ ನನ್ನ ಕೈಗೆ ಕೊಟ್ಟು, "ಎಳದು ನೋಡ್ರಿ ಈಗ" ಎಂದರು.

ಕುದುರೆ ಬೆಣ್ಣೆಯಂತೆ ಹಿಂದಕ್ಕೆ ಬಂತು. ಕೊಕ್ಕೆ ಎಳೆದೆ. ಠಕ್ ಎಂದು ಬಡಿಯಿತು.

ಆ ಒಂದು ಸದ್ದಿಗೆ ನಾನು ಅವರ ಬಟ್ಟೆಚೂರುಗಳ ರಾಶಿಯ ಮೇಲೆ ಕುಳಿತುಬಿಟ್ಟೆ. ಮೌಲಾಸಾಬರು ನೀರು ತರಿಸಿದರು. ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ಗರಿಯನ್ನು ಒರೆಸಿ, ಬಾಟಲಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಟ್ಟರು.

"ಆಕಿಗೆ ಹೇಳೀರೇನು?"

"ಇಲ್ಲ."

"ಬಂದೂಕ ನಾ ಸುದ್ದ ಮಾಡಿಕೊಟ್ಟೆ. ಉಳದದ್ದು ನೀವ ಮಾಡ್ಕೋಬೇಕ್ರಿ."

ಮಾಡಿಕೊಳ್ಳಲು ನನಗೆ ಮೂರು ವಾರ ಹಿಡಿಯಿತು. ಅಷ್ಟು ದಿನ ನನ್ನ ತಲೆ ಬಹಳ ಚುರುಕಾಗಿ ಕೆಲಸ ಮಾಡಿತು. ಆಕೆಗೆ ಏನೂ ಆಗಿಲ್ಲವಲ್ಲ, ಹೇಳಿದರೆ ಪಾಪ ಹೆದರಿಕೊಂಡಾಳು, ಹೆದರಿಸುವುದು ತಪ್ಪಲ್ಲವೇ? ಹೀಗೆ ನನ್ನ ಹೇಡಿತನಕ್ಕೆ ಕರುಣೆಯ ಹೆಸರಿಟ್ಟುಕೊಂಡು ಎರಡು ಶುಕ್ರವಾರ ಗಡ್ಡೆಯ ಕಡೆಗೇ ಹೋಗಲಿಲ್ಲ. ಹಂದಿಗಳು ಮಾತ್ರ ತಪ್ಪದೆ ಹೋದವು. ಮೂರನೆಯ ಗುರುವಾರ ನೀಲವ್ವ ಯಾಕೆ ಹೋಗುವುದಿಲ್ಲವೆಂದು ಕೇಳಿದಳು. ತಲೆನೋವು ಎಂದೆ. "ಮೂರು ವಾರದ ತಲಿನೋವೇನ್ರಿ?" ಎಂದು ಎದುರಿಗೆ ಬಂದು ಕುಳಿತಳು. ಹೇಳಿದೆ. ಅವಳ ಕೈಯಲ್ಲಿದ್ದ ಮೊರ ಹಾಗೇ ನಿಂತಿತು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ನೀವು ಹೇಳ್ತೀರೋ, ನಾ ಹೇಳ್ಲೋ?" ಎಂದಳು ಕೊನೆಗೆ.

ಶುಕ್ರವಾರ ಬೆಳಿಗ್ಗೆ ಹುಲಿಗೆವ್ವನ ಗುಡಿಸಲಿನ ಮುಂದೆ ನಿಂತಾಗ ಆಕೆ ಎಮ್ಮೆ ಹಿಂಡುತ್ತಿದ್ದಳು. ದಾರಿಯುದ್ದಕ್ಕೂ ಮಾತನ್ನು ಅರ್ಜಿಯಂತೆ ಒಪ್ಪವಾಗಿ ಜೋಡಿಸಿಕೊಂಡು ಬಂದಿದ್ದೆ. ಬಾಯಿ ತೆರೆದರೆ ಅದೆಲ್ಲ ಎಲ್ಲೋ ಹೋಯಿತು.

"ಹುಲಿಗೆವ್ವಾ, ಅವತ್ತು ಕಬ್ಬಿನಾಗ ನಾನು ನಿನ್ನ ಹಂದಿ ಅಂತ ತಿಳದು ಬಂದೂಕ ಹೊಡದೆ ಬೇ. ಅದು ಹಾರಲಿಲ್ಲ."

ಚರಿಗೆಯಲ್ಲಿ ಹಾಲು ಬೀಳುವ ಸದ್ದು ನಿಂತಿತು.

"ಹಂದಿ ಅಂತ?"

"ಹೂಂ."

"ನನ್ನ?"

ನಾನು ತಲೆ ತಗ್ಗಿಸಿದೆ. ಆಕೆ ಮತ್ತೆ ಎಮ್ಮೆಯ ಕಡೆ ತಿರುಗಿದಳು, ಆದರೆ ಹಿಂಡಲಿಲ್ಲ. ಬೆನ್ನು ಅಲುಗುತ್ತಿತ್ತು. ನಗುವೋ ಅಳುವೋ ನನಗೆ ತಿಳಿಯಲಿಲ್ಲ. ಆಕೆಗೂ ತಿಳಿದಿತ್ತೆಂದು ಹೇಳಲಾರೆ. ಸೆರಗಿನಿಂದ ಮುಖ ಒರೆಸಿಕೊಂಡು, ಎಮ್ಮೆಗೆ ಹೇಳುವವಳಂತೆ ಹೇಳಿದಳು. "ನನ್ನ ಮಗಳು ತುಂಬಿದ ಬಸರಿ ಅದಾಳ್ರಿ. ಬರೋ ತಿಂಗಳ ಬಾಣಂತನಕ್ಕ ಬರಾಕಿ. ನಾ ಇಲ್ದಿದ್ರ ಆಕಿದು ಯಾರ್ ಮಾಡ್ತಿದ್ರು?"

ಆಕೆ ಎದ್ದು ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಬಂದು ಹೇಳಿದ್ರಲ್ಲ, ಆತು. ಇನ್ನ ಮ್ಯಾಲ ಕಬ್ಬಿನಾಗ ಬಂದೂಕ ತರಬ್ಯಾಡ್ರಿ. ತಗಡಿನ ಡಬ್ಬಿ ಬಡೀರಿ. ಡಬ್ಬಿ ಸಪ್ಪಳಕ್ಕ ಹಂದಿ ಓಡ್ತಾವ, ನಾ ಓಡಂಗಿಲ್ಲ."

ಹಂದಿಗೂ ಮನುಷ್ಯರಿಗೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಸ್ಪಷ್ಟವಾಗಿ ನನಗೆ ಯಾರೂ ಕಲಿಸಿಲ್ಲ.

ಆಕೆ ಇದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಾಳೆಂದು ನಾನು ಎಣಿಸಿದ್ದು ನನ್ನ ಇನ್ನೊಂದು ದಡ್ಡತನ. ಸಂಜೆಯೊಳಗೆ ಹೊಳೆಯ ಎರಡೂ ದಂಡೆಗೆ ಸುದ್ದಿ ಮುಟ್ಟಿತು. ಮಾಸ್ತರು ಹಂದಿ ಹೊಡೆಯಲು ಹೋಗಿ ಹುಲಿ ಬೇಟೆ ಆಡಿದರು ಎಂದು ಹರಿಗೋಲಿನವನೇ ಮೊದಲು ಅಂದನಂತೆ. ಹೆಸರಿನ ಆ ಶ್ಲೇಷೆ ನನಗೆ ಮೊದಲೇ ಹೊಳೆದಿತ್ತು, ಆದರೆ ಅದನ್ನು ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅಂದಿನಿಂದ ಬಂದೂಕು ಮನೆಯಲ್ಲೇ ಉಳಿಯಿತು. ತಿಂಗಳಿಗೊಮ್ಮೆ ಇಳಿಸುತ್ತೇನೆ, ಒರೆಸುತ್ತೇನೆ, ಗರಿಯ ತುದಿಯಿಂದ ಎರಡು ಹನಿ ಹಾಕುತ್ತೇನೆ. ಮುಂದೊಂದು ವರ್ಷ ಲೈಸನ್ಸಿನ ಬಂದೂಕುಗಳನ್ನು ತಪಾಸಣೆಗೆ ತರಬೇಕೆಂದು ಹುಕುಂ ಬಂದಾಗ ನಾನೂ ಒಯ್ದೆ. ಅಧಿಕಾರಿಗಳು ನಳಿಗೆಯೊಳಗೆ ಕಣ್ಣಿಟ್ಟು ನೋಡಿ, ತಾಲೂಕಿನಲ್ಲಿ ಇಷ್ಟು ಚೊಕ್ಕ ಬಂದೂಕು ಇನ್ನೊಂದಿಲ್ಲ, ಇದರ ಗುಟ್ಟೇನು ಎಂದು ಉರ್ದುವಿನಲ್ಲಿ ಕೇಳಿದರು. ಮಶೀನಿನ ಎಣ್ಣೆ ಎಂದೆ. ಅವರು ಬರೆದುಕೊಂಡರು. ಹಾರಿಸದೆ ಇಡುವುದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಲೈಸನ್ಸು ಹಾರಿಸುವುದಕ್ಕೆಂದೇ ಕೊಟ್ಟದ್ದು, ನೋಡಿ.

ಶುಕ್ರವಾರದ ನಸುಕಿನಲ್ಲಿ ಮಾತ್ರ ನಾನು ಡಬ್ಬಿ ಹಿಡಿದು ಕಬ್ಬಿನ ಬದುವಿಗೆ ಹೋಗಿ ಬಡಿಯುತ್ತಿದ್ದೆ. ಅದರಲ್ಲಿ ನನಗೆ ನಿಜವಾದ ಪ್ರತಿಭೆಯಿತ್ತೆಂದು ಮಾವನವರೇ ಒಪ್ಪಿಕೊಂಡರು. ಸ್ವಲ್ಪ ಹೊತ್ತಿಗೆ ಆಚೆ ಬದಿಯಿಂದ ಕೂಗು ಕೇಳುತ್ತಿತ್ತು.

"ಮಾಸ್ತರಾ, ಇದು ಹಂದಿ ಅಲ್ರಿ! ಹುಲಿಗೆವ್ವ!"

"ಗೊತ್ತಾತು, ಬಾ ಬೇ!" ಎಂದು ನಾನು ಕೂಗುತ್ತಿದ್ದೆ.

ನಾನು ಹಾಗೆ ಕೂಗುವವರೆಗೆ ಆಕೆ ಕಬ್ಬಿನೊಳಗೆ ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲ. ನನ್ನ ಕೈಯಲ್ಲಿ ಬರೀ ಡಬ್ಬಿ ಇದೆಯೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಆದರೂ ಓದಿದವರ ಕೈಯಲ್ಲಿ ಏನೇ ಇರಲಿ, ಒಂದು ಮಾತು ಕೇಳಿಕೊಂಡೇ ಹತ್ತಿರ ಹೋಗುವುದು ಮೇಲೆಂದು ಆಕೆಗೆ ಅನ್ನಿಸಿರಬೇಕು. ಅದನ್ನು ತಪ್ಪೆಂದು ಹೇಳಲು ನನ್ನ ಬಳಿ ಏನೂ ಇಲ್ಲ.